ಅಪ್ಪ ಓದುವ ತೆರೆ

ಮೊದಲ ದಿನ ಕಂಪ್ಯೂಟರ್ ಹಚ್ಚುವುದಿಲ್ಲ. ಎಲ್ಲರ ಕೈಗೂ ಒಂದೊಂದು ಬಿಳಿ ಹಾಳೆ, ಒಂದೊಂದು ಪೆನ್ಸಿಲ್. ಬೋರ್ಡಿನ ಮೇಲೆ ಇಷ್ಟೇ: ‘ಇವತ್ತಿನ ತೊಗರಿ ಧಾರಣೆಯನ್ನು ನಿಮ್ಮಪ್ಪನ ಫೋನಿನಲ್ಲಿ ತೋರಿಸಬೇಕು. ಆ ತೆರೆ ಹೇಗಿರಬೇಕು, ಬರೆಯಿರಿ.’

ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತಿನ ಹಳ್ಳಿಗಳಿಂದ ಪದವಿ ಮೊದಲ ವರ್ಷಕ್ಕೆ ಬರುವ ಹುಡುಗ ಹುಡುಗಿಯರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಸುರಪುರ, ಶಹಾಪುರದ ಕಡೆ ಹರಿಯಿತು; ಈ ಭಾಗದ ಹೊಲಗಳು ಇಂದಿಗೂ ಹೆಚ್ಚಾಗಿ ಮುಗಿಲು ನೋಡಿ ಬಿತ್ತುವಂಥವು. ಹೆಸರು, ತೊಗರಿ, ಹತ್ತಿ. ರಾಶಿ ಮುಗಿದ ಮೇಲೆ ತೊಗರಿಯನ್ನು ಯಾದಗಿರಿಯ ಎಪಿಎಂಸಿಗೆ ಒಯ್ಯಬೇಕೋ, ಗಡಿ ದಾಟಿ ತೆಲಂಗಾಣದ ನಾರಾಯಣಪೇಟೆಗೆ ಒಯ್ಯಬೇಕೋ ಎಂಬ ಮಾತು ಮನೆಮನೆಯ ಕಟ್ಟೆಯ ಮೇಲೆ ನಡೆಯುತ್ತದೆ. ಅದನ್ನು ಕೇಳಿಕೊಂಡೇ ಬೆಳೆದ ಮಕ್ಕಳು ಇವರು.

ಇಪ್ಪತ್ತು ನಿಮಿಷ ಬಿಟ್ಟು ಹಾಳೆಗಳನ್ನು ಮೇಜಿನ ಮೇಲೆ ಹರವಿದರೆ ಮುಕ್ಕಾಲು ಪಾಲು ಒಂದೇ ಥರ. ಪೇಪರಿನ ‘ಪೇಟೆ ಧಾರಣೆ’ ಪಟ್ಟಿಯನ್ನೇ ಸಣ್ಣದು ಮಾಡಿ ಫೋನಿನ ಚೌಕದೊಳಗೆ ತುಂಬಿರುತ್ತಾರೆ: ಮಾರುಕಟ್ಟೆ, ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ. ಉಳಿದವರು ದೊಡ್ಡದೊಂದು ಪೈ ಚಾರ್ಟ್ ಬರೆದು ಬಣ್ಣ ತುಂಬಿರುತ್ತಾರೆ. ಯಾವುದಕ್ಕೆ ಯಾವ ಬಣ್ಣ ಎಂದು ಕೇಳಿದರೆ ಉತ್ತರವಿಲ್ಲ. ಚಂದ ಕಾಣುತ್ತದೆ, ಅದಕ್ಕೆ.

ಆಗ ಎರಡನೇ ಪ್ರಶ್ನೆ: ಇದನ್ನು ನೋಡಿ ಅಪ್ಪ ಏನು ಮಾಡುತ್ತಾರೆ?

ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು, “ಇವತ್ತ ಚೀಲ ಗಾಡಿಗೆ ಹಾಕಬೇಕೋ, ಇನ್ನ ನಾಕ ದಿನ ತಡೀಬೇಕೋ, ಅಷ್ಟೇ ನೋಡ್ತಾರ್ರಿ ಸರ್” ಅನ್ನುತ್ತಾಳೆ.

ದತ್ತಾಂಶವನ್ನು ಕಣ್ಣಿಗೆ ಕಾಣಿಸುವ ತೆರೆಗಳ ವಿನ್ಯಾಸ ಎಂಬ ಇಡೀ ವಿಷಯ ಆ ಒಂದು ಮಾತಿನಲ್ಲಿದೆ. ಅಂಕಿ ಎಲ್ಲೋ ಇರುತ್ತದೆ. ಅದನ್ನು ನೋಡಿ ಒಂದು ತೀರ್ಮಾನಕ್ಕೆ ಬರಬೇಕಾದ ಮನುಷ್ಯ ಇನ್ನೆಲ್ಲೋ ಇರುತ್ತಾನೆ. ನಡುವೆ ತೆರೆ. ಚೀಲ ಹಾಕಬೇಕೋ ತಡೆಯಬೇಕೋ ಎಂದು ಕೇಳುವವನಿಗೆ ಇವತ್ತಿನ ದರ ಒಂದೇ ಸಾಲದು, ನಿನ್ನೆಯದೂ ಹೋದ ವಾರದ್ದೂ ಬೇಕು. ಗರಿಷ್ಠ ದರ ಕಣ್ಣಿಗೆ ಹಬ್ಬವೇ ಹೊರತು ಅದು ಒಂದೆರಡು ಲಾಟ್‌ಗೆ ಸಿಕ್ಕ ಬೆಲೆಯಿರಬಹುದು. ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತು ಎಂದು ಹೇಳುವುದು ಮಾದರಿ ದರ. ಹಾಗಿದ್ದರೆ ತೆರೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಯಾವುದು ಬರಬೇಕು? ಪಟ್ಟಿಯನ್ನು ನಕಲು ಮಾಡುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ಅಪ್ಪನ ಮುಖ ನೆನೆದಾಗ ಏಳುತ್ತದೆ.

ನಮ್ಮ ಪದವಿ ತರಗತಿಗಳಲ್ಲಿ ಇದಕ್ಕೆ ಜಾಗ ಕಡಿಮೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ ಬಂತು. 2024–25ರಿಂದ ರಾಜ್ಯ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಯಾವುದೇ ಇರಲಿ, ಕಂಪ್ಯೂಟರ್ ಲ್ಯಾಬಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ: ಎಕ್ಸೆಲ್ ತೆರೆ, ಅಂಕಿ ಹಾಕು, ಚಾರ್ಟ್ ಸೇರಿಸು, ಪ್ರಿಂಟ್ ತೆಗೆದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸು. ಗುಂಡಿ ಒತ್ತುವುದನ್ನು ಕಲಿಸುತ್ತೇವೆ, ಹತ್ತು ಚಾರ್ಟ್‌ಗಳಲ್ಲಿ ಯಾವುದನ್ನು ಆರಿಸಬೇಕು, ಯಾಕೆ ಎಂಬುದನ್ನು ಬಿಟ್ಟುಬಿಡುತ್ತೇವೆ. ಮೊದಲ ವರ್ಷದವರಿಗೆ ಮುಖ್ಯವಾಗಿ ಕಲಿಸಬೇಕಾದದ್ದು ಈ ಬಿಟ್ಟುಹೋದ ಭಾಗವನ್ನೇ ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಕಲಿಸಲು ಒಳ್ಳೆಯದೊಂದು ದಾರಿಯೂ ಇದೆ. ಬ್ರಿಟನ್ನಿನ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ರಾಬರ್ಟ್ಸ್ ಮತ್ತು ಅವರ ಸಂಗಡಿಗರು ವಿದ್ಯಾರ್ಥಿಗಳಿಗಾಗಿಯೇ ರೂಪಿಸಿ, 2016ರಲ್ಲಿ ವಿವರವಾಗಿ ಪ್ರಕಟಿಸಿದ ‘ಐದು ಹಾಳೆ’ಗಳ ಕ್ರಮ ಅದು. (ಬ್ಯಾಂಗರ್ ಕೂಡ ಎರಡು ಭಾಷೆಗಳ ನಡುವೆ ಬದುಕುವ ಸೀಮೆ. ಅಂಗಡಿಯಲ್ಲೂ ಮನೆಯಲ್ಲೂ ವೆಲ್ಶ್ ಮಾತು ಕೇಳುವ ಊರು. ಕನ್ನಡ, ತೆಲುಗು, ಉರ್ದು ಒಟ್ಟಿಗೆ ಕೇಳುವ ನಮ್ಮ ಗಡಿಯೂರಿಗೆ ಅದು ಅಷ್ಟೇನೂ ದೂರವಲ್ಲ.) ಕ್ರಮ ಸರಳ. ಒಂದನೇ ಹಾಳೆಯಲ್ಲಿ ತಲೆಗೆ ಬಂದದ್ದನ್ನೆಲ್ಲ ಗೀಚುವುದು, ಆಮೇಲೆ ಒಂದೇ ಥರದವನ್ನು ಒಟ್ಟಿಗೆ ಹಾಕಿ ಕೆಲಸಕ್ಕೆ ಬಾರದ್ದನ್ನು ಹೊಡೆದುಹಾಕುವುದು. ಎರಡು, ಮೂರು, ನಾಲ್ಕನೇ ಹಾಳೆಗಳಲ್ಲಿ ಒಂದಕ್ಕೊಂದು ಹೋಲದ ಮೂರು ಬೇರೆ ಬೇರೆ ವಿನ್ಯಾಸ. ಐದನೆಯದರಲ್ಲಿ, ಕಟ್ಟಬೇಕೆಂದು ತೀರ್ಮಾನಿಸಿದ ಒಂದು, ಅದಕ್ಕೆ ಏನೇನು ಬೇಕು ಎಂಬ ಲೆಕ್ಕದೊಂದಿಗೆ.

ಮಕ್ಕಳಿಗೆ ಕಷ್ಟವಾಗುವುದು ನಡುವಿನ ಮೂರು ಹಾಳೆ. ಎರಡನೇ ಹಾಳೆ ಮುಗಿದೊಡನೆ, “ಇದ ಚಲೋ ಅದಲ್ರಿ ಸರ್, ಮತ್ತ ಯಾಕ ಬರೀಬೇಕು?” ಎಂಬ ಮಾತು ಬಂದೇ ಬರುತ್ತದೆ. ಹನ್ನೆರಡು ವರ್ಷ ‘ಸರಿಯಾದ ಉತ್ತರ ಒಂದೇ’ ಎಂದು ಕಲಿತು ಬಂದವರು. ಎರಡು ಅಂಕದ ಪ್ರಶ್ನೆಗೆ ಮೂರು ಉತ್ತರ ಬರೆದರೆ ಮೇಷ್ಟ್ರು ಬೈಯುತ್ತಿದ್ದರು. ಇಲ್ಲಿ ಮೂರು ಬರೆಯದಿದ್ದರೆ ಮುಂದಕ್ಕೆ ಹೋಗುವಂತಿಲ್ಲ. ಕೈ ನಿಲ್ಲುತ್ತದೆ. ಆಗ ಪಕ್ಕದಲ್ಲಿ ಕೂತು ಕೇಳಬೇಕು: ಇದನ್ನೇ ನಿಮ್ಮವ್ವ ನೋಡಬೇಕಾದರೆ? ಅಡತಿ ಅಂಗಡಿಯವರು ನೋಡಬೇಕಾದರೆ? ಪೆನ್ಸಿಲ್ ಮತ್ತೆ ಓಡತೊಡಗುತ್ತದೆ. ಅವ್ವನಿಗೆ ಅಕ್ಷರ ಬಾರದಿದ್ದರೆ ಬಾಣದ ಗುರುತು ಬೇಕು, ಮೇಲಕ್ಕೋ ಕೆಳಕ್ಕೋ. ಅಡತಿಯವರಿಗೆ ದಿನದ ಆವಕವೇ ಮುಖ್ಯ. ಅಂಕಿ ಅದೇ, ತೆರೆ ಮೂರು. ಕಾಗದದ ಮೇಲೆ ಇದನ್ನು ಕಂಡುಕೊಳ್ಳಲು ತಗಲುವ ಖರ್ಚು ಒಂದು ರೂಪಾಯಿಯ ಹಾಳೆ. ಕಂಪ್ಯೂಟರಿನಲ್ಲಿ ವಾರಗಟ್ಟಲೆ ಕಟ್ಟಿದ ಮೇಲೆ ಗೊತ್ತಾದರೆ ಕೆಡವಲು ಮನಸ್ಸು ಬರುವುದಿಲ್ಲ. ಮೂವತ್ತು ಮಕ್ಕಳಿಗೆ ಹತ್ತು ಕಂಪ್ಯೂಟರ್ ಇರುವಲ್ಲಿ, ಮಧ್ಯಾಹ್ನ ಕರೆಂಟ್ ಹೋಗುವಲ್ಲಿ ಈ ಪಾಠ ನಿಲ್ಲದೆ ನಡೆಯುತ್ತದೆ ಎಂಬುದೂ ಸಣ್ಣ ಮಾತಲ್ಲ.

ಎರಡನೇ ವಾರ ಗ್ರಾಫ್ ಹಾಳೆ. ಮೂರೇ ಅಂಕಿ ಕೊಡುತ್ತೇನೆ. ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ 2023–24ರಲ್ಲಿ ಕ್ವಿಂಟಲ್‌ಗೆ 7,000 ರೂಪಾಯಿ, 2024–25ರಲ್ಲಿ 7,550, 2025–26ರಲ್ಲಿ 8,000. ತರಗತಿಯನ್ನು ಎರಡು ಗುಂಪು ಮಾಡಿ ಎಲ್ಲರಿಗೂ ಒಂದೇ ಅಳತೆ ಹೇಳುತ್ತೇನೆ: 500 ರೂಪಾಯಿಗೆ ಒಂದು ಸೆಂಟಿಮೀಟರ್. ಮೊದಲ ಗುಂಪು ಸೊನ್ನೆಯಿಂದ ಶುರುಮಾಡಬೇಕು, ಎರಡನೆಯದು 6,500ರಿಂದ.

ಮೊದಲ ಗುಂಪಿನ ಹಾಳೆಯಲ್ಲಿ ಮೂರು ಕಂಬ ಏಳುತ್ತವೆ: 14 ಸೆಂಟಿಮೀಟರ್, 15.1, 16. ಹೆಗಲಿಗೆ ಹೆಗಲು ಕೊಟ್ಟು ನಿಂತ ಅಣ್ಣತಮ್ಮಂದಿರ ಹಾಗೆ. ಎರಡನೇ ಗುಂಪಿನದು 1 ಸೆಂಟಿಮೀಟರ್, 2.1, 3. ಎರಡೂ ಹಾಳೆಗಳನ್ನು ಗೋಡೆಗೆ ಅಂಟಿಸಿ, ದೂರದಿಂದ ನೋಡಿ ಬೆಲೆ ಎಷ್ಟು ಏರಿದೆ ಹೇಳಿ ಎಂದರೆ ಒಂದರಲ್ಲಿ ‘ಸ್ವಲ್ಪ’, ಇನ್ನೊಂದರಲ್ಲಿ ‘ಮೂರು ಪಟ್ಟು’. ನಿಜವಾದ ಏರಿಕೆ ನೂರಕ್ಕೆ 14ರಷ್ಟು. ಯಾರೂ ಸುಳ್ಳು ಅಂಕಿ ಬರೆದಿಲ್ಲ. ಅಂಕಿ ಸರಿ, ಗೀಟು ಸರಿ, ಅಳತೆಯೂ ಸರಿ. ಆದರೂ ಒಂದು ಹಾಳೆ ಕಣ್ಣಿಗೆ ಮೋಸ ಮಾಡಿತು. ಕಂಬದ ಚಾರ್ಟಿನಲ್ಲಿ ಕಣ್ಣು ಓದುವುದು ಕಂಬದ ಉದ್ದವನ್ನು. ಬುಡ ಕತ್ತರಿಸಿದರೆ ಉದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಚುನಾವಣೆ ಹೊತ್ತಿನಲ್ಲಿ ಟಿವಿಯಲ್ಲಿ ಬರುವ ಕಂಬಗಳನ್ನು ಆ ದಿನದಿಂದ ಮಕ್ಕಳು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

‘ಹಾಗಾದರೆ ಯಾವಾಗಲೂ ಸೊನ್ನೆಯಿಂದ’ ಎಂದು ಅವರು ನೋಟ್ಸಿಗೆ ಬರೆದುಕೊಳ್ಳುವ ಮೊದಲೇ ತಡೆಯಬೇಕು. ದಿನದಿನದ ಮಾರುಕಟ್ಟೆ ದರವನ್ನು ಗೆರೆಯಾಗಿ ಎಳೆಯುವಾಗ ಸೊನ್ನೆಯಿಂದ ಹೊರಟರೆ 50 ರೂಪಾಯಿಯ ಏರಿಳಿತ ಕಾಣುವುದೇ ಇಲ್ಲ, ಗೆರೆ ಸತ್ತಂತೆ ಮಲಗಿರುತ್ತದೆ. ಇಪ್ಪತ್ತು ಕ್ವಿಂಟಲ್ ಇಟ್ಟುಕೊಂಡವನಿಗೆ ಆ 50 ರೂಪಾಯಿ ಒಟ್ಟು 1,000. ಅವನ ಪಾಲಿಗೆ ಅದೇ ಮುಖ್ಯ. ಅಲ್ಲಿ ಅಳತೆ ಬಿಗಿ ಮಾಡಬೇಕು, ಮಾಡಿದ್ದೇನೆಂದು ಪಕ್ಕದಲ್ಲಿ ಬರೆಯಬೇಕು. ನಿಯಮ ಹೇಳಿಕೊಡುವುದು ಸುಲಭ. ನಿಯಮ ಎಲ್ಲಿ ಮುರಿಯುತ್ತದೆ ಎಂದು ತೋರಿಸಿದರೆ ಮಾತ್ರ ಕಲಿಸಿದಂತೆ.

ಕಂಬ, ಗೆರೆಗಳೆಲ್ಲ ಹಳೆಯವೇ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ವ್ಯಾಪಾರದ ಲೆಕ್ಕವನ್ನು ಹಾಗೆ ಬರೆದು ತೋರಿಸಿದ. 1801ರಲ್ಲಿ ಪೈ ಚಾರ್ಟನ್ನೂ ಕೊಟ್ಟ. ಯಾವ ಆಕಾರವನ್ನು ಕಣ್ಣು ಹೆಚ್ಚು ಸರಿಯಾಗಿ ಓದುತ್ತದೆ ಎಂಬುದನ್ನು ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಜನರ ಮೇಲೆ ಪ್ರಯೋಗ ಮಾಡಿಯೇ ನೋಡಿದರು. ಒಂದೇ ಗೆರೆಯ ಮೇಲಿನ ಸ್ಥಾನವನ್ನು ನಾವು ಚೆನ್ನಾಗಿ ಅಂದಾಜು ಮಾಡುತ್ತೇವೆ, ಉದ್ದವನ್ನೂ ತಕ್ಕಮಟ್ಟಿಗೆ. ಕೋನ, ವಿಸ್ತೀರ್ಣ, ಬಣ್ಣದ ಗಾಢತೆಗೆ ಬಂದಂತೆಲ್ಲ ತಪ್ಪು ಹೆಚ್ಚು. ಪೈ ಚಾರ್ಟಿನ ಚಂದ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಬಣ್ಣದ ಗಾಢತೆಯ ವಿಚಾರ ಬಂದಾಗ ಒಂದು ನಕ್ಷೆ ತೋರಿಸಬೇಕಾಗುತ್ತದೆ, ಅದನ್ನು ತೋರಿಸುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ. 2011ರ ಜನಗಣತಿಯ ಸಾಕ್ಷರತೆ ನಕ್ಷೆ. ರಾಜ್ಯದ ಸರಾಸರಿ 75.36. ಯಾದಗಿರಿ 51.83, ರಾಜ್ಯದಲ್ಲೇ ಕೊನೆ. ಗಂಡಸರಲ್ಲಿ 62, ಹೆಂಗಸರಲ್ಲಿ 41ರ ಆಸುಪಾಸು. ಕಡಿಮೆ ಇದ್ದಲ್ಲಿ ಕೆಂಪು ಎಂದು ಬಣ್ಣ ಹಚ್ಚಿದರೆ ನಮ್ಮ ಜಿಲ್ಲೆ ಗಾಯದ ಹಾಗೆ ಕಾಣುತ್ತದೆ. ಮಕ್ಕಳು ಮೊದಲು ತಮ್ಮ ಊರನ್ನು ಹುಡುಕುತ್ತಾರೆ, ಹುಡುಕಿ ಸುಮ್ಮನಾಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮನೆಗೆ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ಆ ಕೆಂಪಿನೊಳಗೆ ಅವರ ಅವ್ವ ಇದ್ದಾಳೆ.

ನಕ್ಷೆ ಸುಳ್ಳಲ್ಲ. ಪ್ರಾದೇಶಿಕ ಅಸಮಾನತೆ ಅಳೆಯಲು ರಾಜ್ಯ ನೇಮಿಸಿದ ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಎಂದದ್ದೂ, ಆ ಅಸಮಾನತೆಯ ಮಾತೇ ಬೆಳೆದು ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯವರೆಗೆ ಬಂದದ್ದೂ ಇಂಥ ಅಂಕಿಗಳ ಬಲದಿಂದಲೇ. ಕೆಂಪನ್ನು ಮುಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ಆ ಒಂದು ನಕ್ಷೆ ಏನನ್ನು ಹೇಳಲಿಲ್ಲ ಎಂದು ಕೇಳುತ್ತೇನೆ.

ಮಕ್ಕಳು ಹುಡುಕುತ್ತಾರೆ. ನಕ್ಷೆಯಲ್ಲಿ ಯಾದಗಿರಿ ಬೆಂಗಳೂರು ನಗರ ಜಿಲ್ಲೆಗಿಂತ ಎರಡು ಪಟ್ಟಿಗೂ ದೊಡ್ಡದಾಗಿ ಕಾಣುತ್ತದೆ. ಜನಸಂಖ್ಯೆ ಅದರ ಎಂಟನೇ ಒಂದು ಪಾಲಿನಷ್ಟು, 11.74 ಲಕ್ಷ. ಬಣ್ಣ ಬಳಿದದ್ದು ಜನಕ್ಕಲ್ಲ, ನೆಲಕ್ಕೆ. ಇನ್ನೊಬ್ಬ 2001ರ ಅಂಕಿ ತರುತ್ತಾನೆ. ಆಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ, ಅದು ಬೇರೆಯಾದದ್ದು 2009ರ ಡಿಸೆಂಬರಿನಲ್ಲಿ. ಈಗಿನ ಗಡಿಗೆ ಹೊಂದಿಸಿದ ಲೆಕ್ಕದಲ್ಲಿ ಸಾಕ್ಷರತೆ ಸುಮಾರು 40. ಹತ್ತು ವರ್ಷದಲ್ಲಿ ಹನ್ನೆರಡು ಅಂಶ ಏರಿದೆ. ರಾಜ್ಯ ಅದೇ ಅವಧಿಯಲ್ಲಿ ಏರಿದ್ದು 66.64ರಿಂದ 75.36ಕ್ಕೆ, ಒಂಬತ್ತಕ್ಕಿಂತ ಕಡಿಮೆ. ಎರಡು ಚುಕ್ಕೆ ಇಟ್ಟು ಗೆರೆ ಎಳೆದರೆ ಯಾದಗಿರಿಯ ಗೆರೆ ಕೆಳಗಿನಿಂದ ಹೊರಟರೂ ಕಡಿದಾಗಿ ಏರುತ್ತದೆ. ಗಾಯವೂ ನಿಜ, ಏರುವ ಗೆರೆಯೂ ನಿಜ.

2018ರ ಜನವರಿಯಲ್ಲಿ ನೀತಿ ಆಯೋಗ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ದೇಶದ 112 ಜಿಲ್ಲೆಗಳನ್ನು 49 ಸೂಚಕಗಳಲ್ಲಿ ಅಳೆದು ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಆ ವ್ಯವಸ್ಥೆಯಲ್ಲಿ ತಿಂಗಳ ಶ್ರೇಯಾಂಕ ನಿರ್ಧಾರವಾಗುವುದು ಎಲ್ಲಿದ್ದೀರಿ ಎಂಬುದರಿಂದಲ್ಲ, ಎಷ್ಟು ಸರಿದಿರಿ ಎಂಬುದರಿಂದ. ಅದು ಒಂದು ವಿನ್ಯಾಸದ ತೀರ್ಮಾನ. ಯಾರೋ ಕೂತು ಯೋಚಿಸಿ ಆರಿಸಿದ್ದು. ಆ ಆಯ್ಕೆಗೂ ತೊಡಕಿದೆ: ತಿಂಗಳಿಗೊಮ್ಮೆ ಸರಿದಾಡುವ ಅಂಕಿಯನ್ನು ಓಡಿಸುವ ಭರದಲ್ಲಿ, ನಿಧಾನವಾಗಿ ಬದಲಾಗುವ ಹೆಣ್ಣುಮಕ್ಕಳ ಓದಿನಂಥದ್ದು ಹಿಂದೆ ಬೀಳಬಹುದು. ನಮ್ಮ ಜಿಲ್ಲೆ ಯಾರ ಯಾರದೋ ತೆರೆಯ ಮೇಲೆ ಬಹಳ ಕಾಲದಿಂದ ಇದೆ. ಆ ತೆರೆಯನ್ನು ಓದಬಲ್ಲ, ತಿದ್ದಬಲ್ಲ, ಬೇರೆಯದನ್ನೇ ಬರೆಯಬಲ್ಲ ಕೈಗಳು ಇಲ್ಲಿಂದ ಬರಬೇಕು.

ಇದೇ ಪಾಠದಲ್ಲಿ ಒಬ್ಬ ವಿದ್ಯಾರ್ಥಿ, “ಸರ್, ಗುರುಮಠಕಲ್ ಕಾಣವಲ್ದು” ಅಂದ. ಜನಗಣತಿಯ ತಾಲ್ಲೂಕು ಪಟ್ಟಿಯಲ್ಲಿ ಯಾದಗಿರಿ ಜಿಲ್ಲೆಗೆ ಮೂರೇ ಹೆಸರು: ಶಹಾಪುರ, ಸುರಪುರ, ಯಾದಗಿರಿ. ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳಾದದ್ದು ಆ ಗಣತಿಯಾಗಿ ಏಳು ವರ್ಷದ ಮೇಲೆ. ಅವನು ಈಗಿನ ಆರು ತಾಲ್ಲೂಕುಗಳ ನಕ್ಷೆಗೆ ಹಳೆಯ ಅಂಕಿ ಜೋಡಿಸಿದ್ದ. ಕಂಪ್ಯೂಟರ್ ಸಿಗದ್ದಕ್ಕೆಲ್ಲ ಸೊನ್ನೆ ಹಾಕಿಕೊಂಡಿತ್ತು. ತೆರೆಯ ಮೇಲೆ ಗುರುಮಠಕಲ್‌ನಲ್ಲಿ ಓದು ಬಂದವರು ಒಬ್ಬರೂ ಇಲ್ಲ! ಸೊನ್ನೆ ಬೇರೆ, ‘ಗೊತ್ತಿಲ್ಲ’ ಬೇರೆ. ಈ ಭೇದವನ್ನು ಪುಸ್ತಕದಲ್ಲಿ ಓದಿದರೆ ಪರೀಕ್ಷೆ ಮುಗಿಯುವವರೆಗೆ ನೆನಪಿರುತ್ತದೆ, ಸ್ವಂತ ಊರು ಸೊನ್ನೆಯಾದಾಗ ಕಂಡರೆ ಮರೆಯುವುದಿಲ್ಲ. ಮುಂದಿನ ವಾರ ಅವನು ಮತ್ತು ಇಬ್ಬರು ಗೆಳೆಯರು ಜನಗಣತಿಯ ಹಳ್ಳಿವಾರು ಪಟ್ಟಿ ಹಿಡಿದು, ಹೊಸ ತಾಲ್ಲೂಕಿಗೆ ಬಂದ ಊರುಗಳನ್ನು ಒಂದೊಂದಾಗಿ ಗುರುತಿಸಿ ಕೂಡಿಸತೊಡಗಿದರು. ನಕ್ಷೆಯ ಮೂಲೆಯಲ್ಲಿ ‘2011ರ ಅಂಕಿ, ಈಗಿನ ಗಡಿ’ ಎಂದು ಬರೆದದ್ದು ಅವರೇ, ನಾನು ಹೇಳಿದ್ದಲ್ಲ.

ದೊಡ್ಡ ನಕ್ಷೆಯಿಂದ ಹಳ್ಳಿಯವರೆಗೆ ಹೀಗೆ ಇಳಿದು ಬರುವ ದಾರಿಯನ್ನು ತೆರೆಯ ಮೇಲೆ ಹೇಗೆ ಹಾಕಬೇಕು? 1996ರಲ್ಲಿ ಬೆನ್ ಶ್ನೈಡರ್‌ಮನ್ ಎಂಬ ಅಮೆರಿಕದ ವಿಜ್ಞಾನಿ ಕೊಟ್ಟ ಸೂತ್ರವನ್ನು ಈ ವಿಷಯದ ಬಹಳಷ್ಟು ತರಗತಿಗಳಲ್ಲಿ ಹೇಳಿಕೊಡುತ್ತಾರೆ: ಮೊದಲು ಒಟ್ಟು ನೋಟ, ಆಮೇಲೆ ಹತ್ತಿರ ಹೋಗಿ ಬೇಡದ್ದನ್ನು ಸೋಸುವುದು, ಕೇಳಿದಾಗಷ್ಟೇ ವಿವರ. ನಮ್ಮ ಮಕ್ಕಳಿಗೆ ಇದು ಹೊಸದೇನಲ್ಲ. ತೊಗರಿ ಹೊಲಕ್ಕೆ ಹೋದ ರೈತ ಮೊದಲು ಬದುವಿನ ಮೇಲೆ ನಿಂತು ಇಡೀ ಹೊಲ ನೋಡುತ್ತಾನೆ. ಬಣ್ಣಗೆಟ್ಟ ಕಡೆ ಸಾಲಿಗಿಳಿಯುತ್ತಾನೆ. ಅಲ್ಲೊಂದು ಕಾಯಿ ಕಿತ್ತು ಬಿಡಿಸಿ ಒಳಗೆ ಹುಳ ಇದೆಯೋ ಎಂದು ನೋಡುತ್ತಾನೆ. ಬದು, ಸಾಲು, ಕಾಯಿ. ತರಗತಿಯಲ್ಲಿ ಈಗ ನಮ್ಮ ಮಾತೇ ಅದು: “ಬದು ಎಲ್ಲಿ ಬರದಿ? ಸೀದಾ ಕಾಯಿಗೇ ಹೋಗೀದಿ ನೋಡು.”

ಇಂಗ್ಲಿಷಿಗೆಂದು ಮಾಡಿದ ಸಾಫ್ಟ್‌ವೇರ್‌ಗೆ ಕನ್ನಡ ತುಂಬಿದಾಗ ಬರುವ ಕಿರುಕುಳವೂ ವಿನ್ಯಾಸದ ಪಾಠವೇ. ಕೆಲವು ಕಡೆ ‘ಕ್ವಿಂಟಲ್’ ಬರೆದರೆ ವ-ಒತ್ತು ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ‘ಸ್ತ್ರೀ ಸಾಕ್ಷರತೆ’ ಎಂಬುದು ಓದಲಾಗದಂತೆ ಒಡೆಯುತ್ತದೆ. ಕಂಬಗಳ ಕೆಳಗೆ ಊರ ಹೆಸರು ಓರೆಯಾಗಿ ನಿಂತರೆ ಒತ್ತಕ್ಷರ ಪಕ್ಕದ ಹೆಸರಿಗೆ ತಾಗುತ್ತದೆ. ಕಂಬಗಳನ್ನು ಅಡ್ಡ ಮಲಗಿಸಿ, ಹೆಸರನ್ನು ಎಡಕ್ಕೆ ನೇರ ಬರೆದರೆ ಎಲ್ಲ ಸರಾಗ. ಅಂಕಿಯೂ ಅಷ್ಟೆ: 1.17 ಮಿಲಿಯನ್ ಎಂದು ತೋರಿಸುವ ತೆರೆ ಇಲ್ಲಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಲಕ್ಷ, ಕೋಟಿಯಲ್ಲಿ ಹೇಳಬೇಕು, ಅಲ್ಪವಿರಾಮವನ್ನೂ ಅದಕ್ಕೆ ತಕ್ಕಂತೆ ಹಾಕಬೇಕು. ತೆರೆಯನ್ನೇ ಓದಲಾರದವರೂ ಇದ್ದಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿಯನ್ನಿಟ್ಟುಕೊಂಡು ‘ವರುಣಮಿತ್ರ’ ಎಂಬ ಸಹಾಯವಾಣಿ ನಡೆಸುತ್ತದೆ. ಫೋನ್ ಮಾಡಿ ನಮ್ಮ ಊರಿಗೆ ಮಳೆ ಇದೆಯಾ ಎಂದು ಕೇಳಬಹುದು. ಚಿತ್ರವಿಲ್ಲ, ಗೆರೆಯಿಲ್ಲ, ಮನುಷ್ಯನ ದನಿ. ದತ್ತಾಂಶವನ್ನು ಜನರಿಗೆ ಮುಟ್ಟಿಸುವ ತೆರೆಗಳಲ್ಲಿ ಅದನ್ನೂ ನಾನು ಸೇರಿಸುತ್ತೇನೆ.

ಕೊನೆಯ ವಾರಗಳಲ್ಲಿ ಒಂದು ಹಳೆಯ ಕಥೆ ಹೇಳುತ್ತೇನೆ. 1900ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ. ಅಮೆರಿಕದಲ್ಲಿ ಗುಲಾಮಗಿರಿ ಮುಗಿದು 35 ವರ್ಷವಾಗಿತ್ತು. ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಕಪ್ಪು ಜನಾಂಗದ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡು ಬೋಯ್ಸ್ ತಮ್ಮ ವಿದ್ಯಾರ್ಥಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು, ತಮ್ಮ ಜನರ ಜಮೀನು, ಕೆಲಸ, ಓದುಬರಹದ ಲೆಕ್ಕವನ್ನು ಸುಮಾರು 60 ಹಾಳೆಗಳ ಮೇಲೆ ಕೈಯಿಂದಲೇ ಬರೆದು ಬಣ್ಣ ತುಂಬಿ ಅಲ್ಲಿಗೆ ಒಯ್ದರು. ಅದರಲ್ಲೊಂದು ಹಾಳೆ ಅನಕ್ಷರತೆಯದು. ತಮ್ಮ ಜನರ ಕಂಬದ ಪಕ್ಕ ಯುರೋಪಿನ ದೇಶಗಳ ಕಂಬಗಳನ್ನು ನಿಲ್ಲಿಸಿದ್ದರು. ರಷ್ಯಾ, ಸರ್ಬಿಯಾ, ರುಮೇನಿಯಾಗಳ ಕಂಬ ಅವರದಕ್ಕಿಂತ ಉದ್ದ. ಓದು ಕಲಿಯುವುದೇ ಅಪರಾಧವಾಗಿದ್ದ ಜನ ಒಂದೇ ತಲೆಮಾರಿನಲ್ಲಿ ಎಲ್ಲಿಗೆ ಬಂದರು ಎಂದು ಯುರೋಪಿನ ಜನ ತಮ್ಮ ಊರಿನಲ್ಲೇ ನಿಂತು ನೋಡಬೇಕಾಯಿತು. ಈ ಹಾಳೆ ಹಂಚಿದ ದಿನ ತರಗತಿ ಗಂಟೆ ಹೊಡೆದರೂ ಏಳುವುದಿಲ್ಲ.

ಮೊದಲ ದಿನ ‘ಚೀಲ ಗಾಡಿಗೆ ಹಾಕಬೇಕೋ’ ಎಂದಿದ್ದ ಹುಡುಗಿ ಐದನೇ ಹಾಳೆ ತಂದಳು. ಮಧ್ಯದಲ್ಲಿ ದೊಡ್ಡ ಅಕ್ಷರದಲ್ಲಿ ಇಂದಿನ ಮಾದರಿ ದರ. ಪಕ್ಕದಲ್ಲಿ ಬಾಣ. ಕೆಳಗೆ ಹದಿನೈದು ದಿನದ ಗೆರೆ, ಅದರಡಿ ಸಣ್ಣದಾಗಿ ‘ಅಳತೆ ಸೊನ್ನೆಯಿಂದ ಅಲ್ಲ’. ಎಡಕ್ಕೆ ಯಾದಗಿರಿ, ಬಲಕ್ಕೆ ನಾರಾಯಣಪೇಟೆ. ಬೆರಳಿನಿಂದ ಸರಿಸಿದರೆ ಒಂದರಿಂದ ಇನ್ನೊಂದಕ್ಕೆ. ಕಾಗದವನ್ನು ಫೋನಿನ ಅಳತೆಗೆ ಕತ್ತರಿಸಿ ಮನೆಗೆ ಒಯ್ದು ಅಪ್ಪನಿಗೆ ತೋರಿಸಿದ್ದಳಂತೆ.

“ಏನಂದ್ರು?”

“ಚಲೋ ಅದ ಅಂದ್ರು. ಆಮ್ಯಾಲ, ಹಮಾಲಿ, ಗಾಡಿ ಬಾಡಿಗಿ ಕಳದು ನನ್ನ ಕೈಗೆ ಎಷ್ಟು ಬರ್ತದವ್ವಾ, ಅದು ಎಲ್ಲಿ ಬರದಿ ಅಂತ ಕೇಳಿದ್ರು.”

ಹೇಳುತ್ತಲೇ ಬ್ಯಾಗಿನಿಂದ ಹೊಸ ಹಾಳೆ ತೆಗೆದು ಬೆಂಚಿನ ಮೇಲಿಟ್ಟಳು. ಮೇಲ್ಗಡೆ ಖಾಲಿ ಚೌಕವೊಂದನ್ನು ಆಗಲೇ ಗೀಟು ಹಾಕಿಕೊಂಡಿದ್ದಳು.